ಹುಟ್ಟಿದೂರಿನಲ್ಲಿ ಪ್ರವಾಸಿ

ಅಮ್ಮನ ಬಾಯಿ ಇನ್ನೂ ತೆರೆದೇ ಇದೆ, ಬಸ್ಸು ಗುಡ್ಡದ ತಿರುವು ದಾಟಿ ಹಡಗುಗಳ ಬಂದರು ಕಂಡಾಗ ತೆರೆದ ಬಾಯಿ, ಅಯ್ಯಯ್ಯೋ ಎಷ್ಟು ಚೆಂದ ಇದೆಯಪ್ಪಾ ಈ ಊರು ಎಂದು ಅವಳು ಕೂಗಿದ ರಭಸಕ್ಕೆ ಮುಂದಿನ ಸೀಟಿನ ಗಂಡಸರಿಬ್ಬರು ತಿರುಗಿ ನೋಡಿ ನಕ್ಕರು, ಒಳನಾಡಿನವಳು ಮೊದಲ ಸಲ ಕಡಲು ಕಾಣುತ್ತಿದ್ದಾಳೆ ಅಂದುಕೊಂಡಿರಬೇಕು, ಅಂದುಕೊಳ್ಳಲಿ, ಅದೇ ತಾನೇ ಅವಳಿಗೆ ಬೇಕಾದದ್ದು — ಈ ನೀರಿನ ಮೀನು ತಿಂದು ಬೆಳೆದವಳು, ಅಗೋ ಆ ಕ್ರೇನುಗಳ ಕೆಳಗಿನ ಧಕ್ಕೆಯಲ್ಲಿ ನಿಂತು ನನ್ನ ಅಪ್ಪನನ್ನು ಯುದ್ಧದ ಹಡಗು ಹತ್ತಿಸಿ ಕಳಿಸಿದವಳು, ಈಗ ನಾಗಾಸಾಕಿ ಅಂದ್ರೆ ಇದೇನಾ, ಬರೀ ಕ್ಯಾಲೆಂಡರಲ್ಲಿ ನೋಡಿದ್ದೆ ನೋಡಿ, ಎಂದು ಪಕ್ಕದಲ್ಲಿ ಕೂತ ಶುಂಜಿಯ ತಾಯಿಯ ಮೊಣಕೈ ಮುಟ್ಟಿ ಹೇಳುತ್ತಾಳೆ, ಆಕೆ ನಮ್ಮ ಖರ್ಚೆಲ್ಲ ವಹಿಸಿಕೊಂಡು ಕರೆತಂದ ದೊಡ್ಡ ಮನೆಯವಳಲ್ಲವೇ, ಸಂತೋಷದಿಂದ ತಲೆದೂಗುತ್ತಾಳೆ, ನೋಡಿ ತೊಮಿಯವರೇ, ನಾನು ಹೇಳಿರಲಿಲ್ವಾ, ಒಂದು ಸಲ ನೋಡಲೇಬೇಕಾದ ಊರು ಅಂತ. ನಾನು ಅವರ ಹಿಂದಿನ ಸೀಟಿನಲ್ಲಿ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತಿದ್ದೇನೆ, ನನ್ನ ಪಕ್ಕದಲ್ಲಿ ಶುಂಜಿ, ಒಕಾಯಾಮಾದ ಔಷಧದ ಕಂಪನಿಯ ಗುಮಾಸ್ತ, ಕುರಾಹಾಶಿ ಮನೆತನದ ಒಬ್ಬನೇ ಮಗ, ಶರತ್ಕಾಲ ಬರುವಷ್ಟರಲ್ಲಿ ನನ್ನ ಗಂಡನಾಗಬೇಕಾದವನು, ಮಾತು ಪಕ್ಕಾ ಆಗುವ ಮೊದಲು ನಾಲ್ಕು ಜನ ಜೊತೆಗೆ ಪ್ರಯಾಣ ಮಾಡೋಣ, ದಾರಿಯಲ್ಲಿ ಮನುಷ್ಯರ ಗುಣ ಗೊತ್ತಾಗುತ್ತೆ ಎಂದದ್ದು ಅವನ ತಾಯಿ, ಬೆಪ್ಪುವಿನ ಬಿಸಿನೀರ ಬುಗ್ಗೆ ನೋಡಿ ಅಲ್ಲಿಂದ ನಾಗಾಸಾಕಿ ಎಂದದ್ದೂ ಅವಳೇ, ಆ ಹೆಸರು ಕೇಳಿ ನನ್ನ ಗಂಟಲಲ್ಲಿ ಅನ್ನ ನಿಂತಿತು, ಅಮ್ಮನ ಕೈಯಲ್ಲಿದ್ದ ಊಟದ ಕಡ್ಡಿಗಳು ಒಂದಿಷ್ಟೂ ತಡವರಿಸಲಿಲ್ಲ, ಉಪ್ಪಿನಕಾಯಿಯ ಮೂಲಂಗಿ ಎತ್ತಿ ಬಾಯಿಗಿಟ್ಟುಕೊಂಡು, ಅಯ್ಯೋ ನಮಗೆಲ್ಲಿಯ ಪುಣ್ಯ ಅಂದಳು.

ಎಡಗಡೆ ನೋಡಿ, ಬಲಗಡೆ ನೋಡಿ, ಬಸ್ಸಿನ ಗೈಡ್ ಹುಡುಗಿ ನೀಲಿ ಟೋಪಿ ಇಟ್ಟುಕೊಂಡು ಮೈಕಿನಲ್ಲಿ ಹಾಡಿದಂತೆ ಹೇಳುತ್ತಾಳೆ, ನಾನು ಯಾವ ಕಡೆಯೂ ನೋಡುವುದಿಲ್ಲ, ನೋಡಿದರೆ ಮುಖ ಏನಾದರೂ ಹೇಳಿಬಿಟ್ಟೀತು, ನೀನು ಹುಟ್ಟಿದ್ದು ಒಕಾಯಾಮಾದಲ್ಲಿ, ಆ ಊರನ್ನ ನೀನು ನೋಡೇ ಇಲ್ಲ, ಅಲ್ಲಿಯ ಮಾತು ಒಂದಕ್ಷರ ಬಾಯಿಂದ ಬಂತೋ ನಿನ್ನ ಮದುವೆ ಮುಗೀತು, ಎಂದು ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಾ ಅಮ್ಮ ಹೇಳಿದ್ದಳು, ಮೊದಲ ಸಲವೇನಲ್ಲ, ನಾವು ಈ ಊರು ಬಿಟ್ಟು ಒಕಾಯಾಮಾಕ್ಕೆ ಹೋದಾಗ ನನಗೆ ಹತ್ತು ವರ್ಷ, ಶಾಲೆಯ ಸಮವಸ್ತ್ರ ಹೊಲಿಯುವ ಗಿರಣಿಯಲ್ಲಿ ಅವಳಿಗೆ ಕೆಲಸ, ನಾನು ಬಾಯಿ ತೆರೆದರೆ ಊರ ಮಾತೇ ಬರುತ್ತಿತ್ತು, ಬಂದಾಗಲೆಲ್ಲ ನನ್ನ ತುಟಿಗಳನ್ನು ಚಿವುಟಿ ಹಿಡಿಯುತ್ತಿದ್ದಳು, ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಹೊಲಿಗೆ ಬಿಚ್ಚಿದ ಬಟ್ಟೆಯ ಅಂಚನ್ನು ಸೇರಿಸಿ ಹಿಡಿಯುವ ಹಾಗೆ, ಸರಿಯಾಗಿ ಹೇಳು, ಇನ್ನೊಮ್ಮೆ ಸರಿಯಾಗಿ ಹೇಳು, ಕೊನೆಗೆ ನಾನು ಎಷ್ಟು ಸರಿಯಾಗಿ ಹೇಳಲು ಕಲಿತೆನೆಂದರೆ ಕನಸಿನಲ್ಲೂ ಸತ್ತ ಅಜ್ಜಿ ಒಕಾಯಾಮಾದ ಮಾತಾಡತೊಡಗಿದಳು. ಹಾಗಿದ್ದೂ ಎರಡು ಸಂಬಂಧ ಮುರಿದವು, ಯಾರೋ ಏನೋ ಪಿಸುಗುಟ್ಟಿದರು, ಬಾಂಬಿನ ಊರಿನ ಹುಡುಗಿಯಂತೆ, ರಕ್ತ ಕೆಟ್ಟಿರುತ್ತಂತೆ, ಹುಟ್ಟೋ ಮಕ್ಕಳು ನೆಟ್ಟಗಿರಲ್ವಂತೆ, ಅಮ್ಮ ಅಳಲಿಲ್ಲ, ಮನೆ ಬದಲಾಯಿಸಿದಳು, ಅಷ್ಟೇ. ಮತ್ತೆ ಈಗ ಈ ನಾಟಕ, ಬೆಳಿಗ್ಗೆ ವಿದೇಶೀಯರ ಹಳೇ ಬಂಗಲೆಗಳ ಬೀದಿಯಲ್ಲಿ ಕಾಸ್ತೆರಾ ಕೇಕಿನ ಅಂಗಡಿಗೆ ಹೋದಾಗ ಅಮ್ಮ ಅಂಗಡಿಯವಳನ್ನು ಕೇಳುತ್ತಾಳೆ, ಇದನ್ನ ಹೇಗಮ್ಮಾ ತಿನ್ನೋದು, ಕಾಗದ ಸಮೇತನಾ — ಯುದ್ಧ ಮುಗಿದು ಸಕ್ಕರೆ ಮತ್ತೆ ಕಣ್ಣಿಗೆ ಬಿದ್ದ ವರ್ಷ ಎಲ್ಲಿಂದಲೋ ಒಂದು ತುಂಡು ತಂದು, ತಳದ ಕಾಗದಕ್ಕೆ ಅಂಟಿದ ಸಕ್ಕರೆ ಹರಳನ್ನು ಹಲ್ಲಿನಿಂದ ಕೆರೆದು ತಿನ್ನಲು ನನಗೆ ಕಲಿಸಿದವಳು ಇವಳೇ, ಕೇಕಿಗಿಂತ ಕಾಗದವೇ ರುಚಿ ಕಣೇ ಎಂದು ನಕ್ಕವಳು — ಶುಂಜಿಯ ತಾಯಿ ಹೊಟ್ಟೆ ಹಿಡಿದು ನಕ್ಕಳು, ತೊಮಿಯವರೇ ನೀವೆಷ್ಟು ಮುಗ್ಧರಪ್ಪಾ, ಅಮ್ಮನೂ ನಕ್ಕಳು, ನಗು ಅಮ್ಮಾ, ನಗು, ಆ ಕೇಕನ್ನು ಅಮ್ಮನ ಮುಖಕ್ಕೆ ಒತ್ತಿಬಿಡಬೇಕು ಅನಿಸಿತು, ಬದಲಿಗೆ ಕಾಗದವನ್ನು ಅಂದವಾಗಿ ಮಡಿಸಿ ಕಸದ ಬುಟ್ಟಿಗೆ ಹಾಕಿದೆ, ಸಕ್ಕರೆ ಹರಳು ಅಂಟಿಕೊಂಡಿದ್ದ ಹಾಗೆಯೇ.

ಬಸ್ಸು ಉತ್ತರಕ್ಕೆ ತಿರುಗಿತು, ಟ್ರಾಮಿನ ಹಳಿಗಳ ಜೊತೆಗೆ, ಇನ್ನು ಬಾಂಬು ಬಿದ್ದ ಉರಾಕಮಿ, ಇನ್ನು ನಮ್ಮ ಓಣಿ, ಗೈಡ್ ಹುಡುಗಿ ದನಿ ತಗ್ಗಿಸಿದಳು, ಎಲ್ಲರೂ ತಲೆ ಬಾಗಿಸಿದರು, ಆ ಬೆಳಿಗ್ಗೆ, ಆ ಬೆಳಕು, ಎಂದೆಲ್ಲ ಹೇಳಿದಳು, ಎಲ್ಲ ನಿಜವೇ, ಆದರೆ ಬಾಯಿಪಾಠ, ಆ ಮೌನದಲ್ಲೇ ಶುಂಜಿಯ ತಾಯಿ ಅಮ್ಮನ ಕಿವಿಯ ಕಡೆ ವಾಲಿ, ಕಿವುಡರಿಗೂ ಕೇಳಿಸುವ ಪಿಸುಮಾತಿನಲ್ಲಿ, ಇವನಿಗೆ ಹೋದ ವರ್ಷ ಹಿರೋಷಿಮಾದ ಒಂದು ಹುಡುಗಿ ಬಂದಿದ್ಲು ತೊಮಿಯವರೇ, ರೂಪ ಇತ್ತು, ಓದಿದ್ಲು, ನಾವು ಸುಮ್ಮನೆ ಇರ್ಲಿ ಅಂತ ವಿಚಾರಿಸಿದ್ವಿ, ನೋಡಿದ್ರೆ ಅವಳೂ ಅವರಲ್ಲೊಬ್ಬಳಂತೆ, ದೇವರು ದೊಡ್ಡೋನು, ಕೊನೇ ಗಳಿಗೆಯಲ್ಲಿ ತಪ್ಪಿಸಿಕೊಂಡ್ವಿ — ನಾನು ಅಮ್ಮನ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದೆ, ಬೆಳಿಗ್ಗೆ ನಾನೇ ಎಣ್ಣೆ ಹಚ್ಚಿ ಬಾಚಿಕೊಟ್ಟ ಬಿಳಿ ಕೂದಲು, ಆಮೇಲೆ ಆ ಕತ್ತು ಮೇಲೆ ಕೆಳಗೆ ಆಡಿತು, ಒಳ್ಳೇ ಕೆಲಸ ಮಾಡಿದ್ರಿ ಅಂದಳು. ಒಳ್ಳೇ ಕೆಲಸ ಮಾಡಿದ್ರಿ. ನನ್ನ ಉಗುರು ಕೈಚೀಲದ ಬಟ್ಟೆಯೊಳಗೆ ಇಳಿಯಿತು. ಆ ಹಿರೋಷಿಮಾದ ಹುಡುಗಿ ಯಾರೋ, ಅವಳಮ್ಮ ಅವಳಿಗೆ ಏನು ಹೇಳಿಕೊಟ್ಟಿದ್ದಳೋ, ಸಿಕ್ಕಿಬಿದ್ದ ದಿನ ಅವಳು ಮನೆಗೆ ಹೋಗಿ ಏನು ಉಂಡಳೋ, ಅಮ್ಮಾ, ನೀನು ಈಗ ಅವಳನ್ನಲ್ಲ, ನನ್ನನ್ನು ಬಾಗಿಲಾಚೆ ತಳ್ಳಿದೆ, ನಿನ್ನನ್ನು ನೀನೇ ತಳ್ಳಿಕೊಂಡೆ, ತಿಳಿಯಿತೇ ನಿನಗೆ — ಉದ್ಯಾನದಲ್ಲಿ ಇಳಿದೆವು, ದೊಡ್ಡ ನೀಲಿ ಪ್ರತಿಮೆ, ಒಂದು ಕೈ ಆಕಾಶಕ್ಕೆ, ಇನ್ನೊಂದು ಪಕ್ಕಕ್ಕೆ ಚಾಚಿ ಕೂತ ಗಂಡಸು, ನಾವಿದ್ದಾಗ ಇದು ಇರಲಿಲ್ಲ, ನಾವಿದ್ದಾಗ ಇಲ್ಲಿ ಬರೀ ಇಟ್ಟಿಗೆಯ ರಾಶಿ, ಶಾಲಾಮಕ್ಕಳು ಅದರ ಮುಂದೆ ಕೈ ಎತ್ತಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಹಿಸಾನೊ, ನೀನೂ ಹಾಗೆ ನಿಲ್ಲಮ್ಮಾ, ಶುಂಜಿ ತೆಗೀತಾನೆ, ಅವನ ತಾಯಿ ಅಂದಳು, ಅಮ್ಮ ಕಣ್ಣಲ್ಲೇ ನಿಲ್ಲು ಅಂದಳು, ಕೆಳಗೆ ಎರಡು ಓಣಿ ದಾಟಿದರೆ ನನ್ನ ಅಜ್ಜಿ ಅಕ್ಕಿ ತೊಳೆಯುತ್ತಿದ್ದ ಕಲ್ಲು, ಅಕ್ಕಿ ತೊಳೆಯುತ್ತಲೇ ಅವಳು ಹೋದ ಜಾಗ, ನಾನು ಕೈ ಎತ್ತಿ ನಿಂತೆ. ನಿಂತೆ. ಸ್ವಲ್ಪ ನಗಿ ಹಿಸಾನೊ ಅವರೇ, ಎಂದ ಶುಂಜಿ. ನಕ್ಕೆ.

ಮೆಟ್ಟಿಲಿಳಿದು ಬರುವಾಗ ಗಂಟೆಯ ಸದ್ದು, ಐಸ್ ಮಾರುವ ಕೈಗಾಡಿ, ತಲೆಗೆ ಬಿಳಿ ಬಟ್ಟೆ ಕಟ್ಟಿದ ಹೆಂಗಸು ಕೋನಿನ ಮೇಲೆ ಐಸನ್ನು ಎಸಳೆಸಳಾಗಿ ಹಚ್ಚಿ ಗುಲಾಬಿ ಮಾಡುತ್ತಿದ್ದಳು, ತಲೆ ಎತ್ತಿ ನಮ್ಮನ್ನು ನೋಡಿದಳು, ಗಂಟೆ ನಿಂತಿತು, ಯವ್ವಾ ತೊಮಿ, ಏ ತೊಮಿ, ನೀನ ಹೌದಲ್ಲ, ಎಲ್ಲಿ ಹೋಗಿದ್ದಿ ಇಷ್ಟು ವರ್ಷ, ಇದ್ದೀಯೋ ಸತ್ತೀಯೋ ಒಂದು ಮಾತ ಹೇಳಿ ಕಳಸಲಿಲ್ಲಲ್ಲ, ಇಕಿ ಯಾರು, ನಮ್ಮ ಹಿಸಾ ಏನ, ಎಷ್ಟ ದೊಡ್ಡಾಕಿ ಆಗ್ಯಾಳ — ಊರ ಮಾತು, ತುಟಿ ಚಿವುಟಿ ನನ್ನ ಬಾಯಿಂದ ಕಿತ್ತುಹಾಕಿದ ಮಾತು, ಬೀದಿಯ ನಡುವೆ ಹೀಗೆ ಗಟ್ಟಿಯಾಗಿ, ಶಿನೊ ಚಿಕ್ಕಮ್ಮ, ಪಕ್ಕದ ಮನೆಯ ತೋಫು ಮಾಡುತ್ತಿದ್ದ ಶಿನೊ ಚಿಕ್ಕಮ್ಮ. ಅಮ್ಮ ನಿಂತಳು, ಗೊತ್ತಿಲ್ಲದವರಿಗೆ ಬಾಗುವಷ್ಟೇ ಬಾಗಿದಳು, ಕ್ಷಮಿಸಿ, ನೀವು ಬೇರೆ ಯಾರನ್ನೋ ಅಂದ್ಕೊಂಡಿದೀರ, ನಾವು ಒಕಾಯಾಮಾದವರು, ಈ ಊರಿಗೆ ಬರ್ತಿರೋದು ಇದೇ ಮೊದಲು. ಚಿಕ್ಕಮ್ಮ ಅಮ್ಮನನ್ನು ನೋಡಿದಳು, ಶುಂಜಿಯ ತಾಯಿಯ ಜರಿಯ ನಡುಪಟ್ಟಿ ನೋಡಿದಳು, ಶುಂಜಿಯ ಕೊರಳಿನ ಕ್ಯಾಮೆರಾ ನೋಡಿದಳು, ನನ್ನನ್ನು ನೋಡಿದಳು, ಎಲ್ಲ ತಿಳಿದುಬಿಟ್ಟಿತು ಅವಳಿಗೆ, ಒಂದೇ ಉಸಿರಿನಲ್ಲಿ, ಹೌದ್ರಿ, ತಪ್ಪಾತ್ರಿ, ಕಣ್ಣು ಮಬ್ಬಾಗ್ಯಾವ, ನಮ್ಮ ಓಣ್ಯಾಗ ಒಬ್ಬಾಕಿ ಇದ್ಲು, ಹಿಂಗ ಇದ್ಲು, ಬ್ಯಾಸರ ಮಾಡ್ಕೋಬ್ಯಾಡ್ರಿ, ತಗೋ ತಂಗಿ, ಐಸ್ ತಗೋ, ರೊಕ್ಕ ಬ್ಯಾಡ — ಎಂದು ನನ್ನ ಕಡೆ ಕೈ ಚಾಚಿದಳು. ಆ ಕೈ. ಮೂರು ಬೆರಳು ಕೂಡಿ ಒಂದಾಗಿರುವ, ಮೇಣದಂತೆ ನುಣುಪಾದ, ರೇಖೆಯೇ ಇಲ್ಲದ ಕೈ. ಅಮ್ಮ ಕಿಮೋನೊ ಕೊಟ್ಟು ಗೆಣಸು ತರಲು ಹಳ್ಳಿಗೆ ಹೋಗಿದ್ದ ಬೆಳಿಗ್ಗೆ ಅದು, ನಾನು ಐದು ವರ್ಷದವಳು, ತೊಲೆಯ ಕೆಳಗೆ, ಕತ್ತಲು, ಬಾಯಿ ತುಂಬ ಮಣ್ಣು, ಸುಡುವ ಹೆಂಚುಗಳನ್ನು ಒಂದೊಂದಾಗಿ ಯಾರೋ ತೆಗೆಯುವ ಸದ್ದು, ಬೆಳಕಿನ ಒಂದು ತೂತು, ಆ ತೂತಿನೊಳಗಿಂದ ಒಂದು ಕೈ ಬಂತು, ಮುಖ ಕಾಣಲಿಲ್ಲ, ಕೈ ಮಾತ್ರ, ಅದರ ಚರ್ಮ ಆಗಲೇ ಸುಲಿದಿತ್ತು, ಅದನ್ನೇ ಹಿಡಿದುಕೊಂಡೆ, ಬಿಡಬ್ಯಾಡ ಹಿಸಾ, ಬಿಗೀ ಹಿಡಕೋ, ನನಗೇನೂ ನೋಯೂದಿಲ್ಲ ಎನ್ನುತ್ತಿತ್ತು ಒಂದು ದನಿ. ನಾನು ಐಸ್ ತೆಗೆದುಕೊಂಡೆ, ಗಿರಾಕಿಯ ಹಾಗೆ ತಲೆ ಬಾಗಿಸಿದೆ, ಧನ್ಯವಾದ ಎಂದೆ, ಒಕಾಯಾಮಾದ ಅಚ್ಚುಕಟ್ಟಾದ ಮಾತಿನಲ್ಲಿ. ನಾಲ್ಕು ಹೆಜ್ಜೆ ನಡೆದಿಲ್ಲ, ಆ ಕೈ ನೋಡಿದ್ರಾ, ಪಾಪ, ಶುಂಜಿಯ ತಾಯಿ ಶುರುಮಾಡಿದಳು, ಏನೂ ಅಂಟಲ್ಲ ಅಂತಾರೆ, ಆದ್ರೂ ತಿನ್ನೋ ಪದಾರ್ಥ ನೋಡಿ, ಅಷ್ಟರಲ್ಲಿ ಅಮ್ಮ, ಕೊಡು ಇಲ್ಲಿ, ಹೊಟ್ಟೆ ಕೆಡುತ್ತೆ, ಎಂದು ಐಸನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡು ದಾರಿಬದಿಯ ಗಿಡದ ಬುಡಕ್ಕೆ ಎಸೆದಳು. ನಾನು ತಿರುಗಿ ನೋಡಿದೆ. ಚಿಕ್ಕಮ್ಮ ನೋಡುತ್ತಿದ್ದಳು, ಗಾಡಿಯ ಅಂಚಿನ ಮೇಲೆ ಆ ಕೈ ಇತ್ತು.

ಬಸ್ಸು ಹೊರಟಿದೆ, ಇನ್ನು ಮುಂದಿನದು ರೋಪ್‌ವೇ, ಮೇಲಿಂದ ಇಡೀ ಊರು ಕಾಣುತ್ತದಂತೆ, ಅಮ್ಮ ಮುಂದೆ ಕೂತು, ರೋಪ್‌ವೇ ಅಂದ್ರೆ ಹೆದರಿಕೆ ಆಗಲ್ವೇನ್ರೀ ಎನ್ನುತ್ತಿದ್ದಾಳೆ, ನನ್ನ ಬೆರಳಿಗೆ ಐಸಿನ ಅಂಟು, ಒರೆಸಿಕೊಳ್ಳುವುದಿಲ್ಲ, ಒರೆಸಿಕೊಳ್ಳುವುದಿಲ್ಲ, ಶುಂಜಿ ಕರ್ಚೀಫು ಕೊಡುತ್ತಾನೆ, ಮಡಿಕೆ ಬಿಡಿಸಿ, ಮೆಲ್ಲಗೆ, ಹಿಸಾನೊ ಅವರೇ, ಒಂದು ಮಾತು, ಗಾಬರಿ ಆಗ್ಬೇಡಿ, ನನಗೆ ಗೊತ್ತು — ಏನು ಗೊತ್ತು — ಎಲ್ಲಾ, ಮದುವೆಗೆ ಮೊದಲು ವಿಚಾರಿಸೋಕೆ ಒಬ್ಬರನ್ನ ಇಟ್ಟಿದ್ವಿ, ಅವರು ಮೊದಲು ನನಗೇ ಹೇಳಿದ್ರು, ಅಮ್ಮನಿಗೆ ಹೇಳಬೇಡಿ ಅಂತ ನಾನೇ ಅವರ ಬಾಯಿ ಮುಚ್ಚಿಸಿದೆ, ಆ ಹೆಂಗಸು ನಿಮ್ಮನ್ನ ಗುರುತು ಹಿಡಿದಾಗ ನನ್ನ ಎದೆ ಧಸಕ್ಕಂತು, ಸದ್ಯ ನಿಮ್ಮ ತಾಯಿ ಚೆನ್ನಾಗಿ ನಿಭಾಯಿಸಿದ್ರು. ಚೆನ್ನಾಗಿ ನಿಭಾಯಿಸಿದ್ರು! ನಾನು ಅವನ ಮುಖ ನೋಡಿದೆ, ಒಳ್ಳೆಯ ಮುಖ, ಕನ್ನಡಕದ ಹಿಂದೆ ಕಣ್ಣು ತೇವವಾಗಿದೆ, ತನ್ನ ಒಳ್ಳೆಯತನಕ್ಕೆ ತಾನೇ ಕರಗಿದ್ದಾನೆ, ನನಗೇನೂ ಬೇಜಾರಿಲ್ಲ, ಮಕ್ಕಳ ವಿಷಯ ಆಮೇಲೆ ನೋಡೋಣ, ಆಗದಿದ್ರೆ ಬೇಡ, ಅದಕ್ಕೆಲ್ಲ ನಿಮ್ಮನ್ನ ದೂರೋ ಗಂಡಸಲ್ಲ ನಾನು, ನಾವಿಬ್ಬರೂ ಬಾಯಿ ಬಿಡದಿದ್ರೆ ಆಯ್ತು, ಜನ್ಮಪೂರ್ತಿ ಯಾರಿಗೂ ಗೊತ್ತಾಗಲ್ಲ — ಕ್ಷಮಿಸುತ್ತಿದ್ದಾನೆ, ಇವನು ನನ್ನನ್ನು ಕ್ಷಮಿಸುತ್ತಿದ್ದಾನೆ, ನಾನೇನು ಮಾಡಿದೆ, ಐದು ವರ್ಷದವಳು ಮನೆಯಲ್ಲಿ ಅಕ್ಕಿ ತೊಳೆಯುವ ಅಜ್ಜಿಯ ಪಕ್ಕ ಕೂತಿದ್ದೆ, ಅಷ್ಟೇ ನಾನು ಮಾಡಿದ್ದು, ನಿನ್ನೆ ಇದೇ ಮಾತು ಹೇಳಿದ್ದರೆ ನಾನು ಇವನ ಕಾಲಿಗೆ ಬೀಳುತ್ತಿದ್ದೆನೇನೋ, ಇವತ್ತು ಬೆಳಿಗ್ಗೆ ಹೇಳಿದ್ದರೂ, ಆದರೆ ಈಗ ನನ್ನ ಕಣ್ಣಿಗೆ ಕಾಣುತ್ತಿರುವುದು ಒಂದು ಮನೆ, ಅದರ ಅಡುಗೆಮನೆ, ಅಲ್ಲಿ ನಾನು ತಲೆ ನರೆತು ಸೌಟು ಹಿಡಿದು ನಿಂತಿದ್ದೇನೆ, ಟೀವಿಯಲ್ಲಿ ಆಗಸ್ಟ್ ತಿಂಗಳ, ಬಾಂಬಿನ ದಿನದ ಗಂಟೆ ಬಾರಿಸುತ್ತದೆ, ಅತ್ತೆ ಪಾಪ ಅನ್ನುತ್ತಾಳೆ, ಗಂಡ ನನ್ನ ಕಡೆ ನೋಡಿ, ಹೆದರಬೇಡ, ನಾನು ಹೇಳಲ್ಲ ಎಂಬಂತೆ ಒಂದು ಚೂರು ನಗುತ್ತಾನೆ, ಪ್ರತಿ ವರ್ಷ, ಪ್ರತಿ ವರ್ಷ ಆ ನಗು, ಅಮ್ಮ ತುಟಿ ಚಿವುಟುತ್ತಿದ್ದದ್ದಾದರೂ ನೋಯುತ್ತಿತ್ತು.

ಎದ್ದು ನಿಂತೆ, ಬಸ್ಸು ಓಲಾಡಿತು, ಕಂಬಿ ಹಿಡಿದುಕೊಂಡೆ, ಕುತ್ಕೊಳ್ಳಿ, ಬಿದ್ದೀರಿ, ಶುಂಜಿ ತೋಳು ಹಿಡಿದ, ಕೊಡವಿದೆ, ಏ ತಂಗಿ, ಬಸ್ ನಿಲ್ಲಸವಾ, ನಾ ಇಳೀಬೇಕು — ನನ್ನದೇ ದನಿಯೇ ಅದು, ಎಲ್ಲಿತ್ತು ಇಷ್ಟು ದಿನ, ಗೈಡ್ ಹುಡುಗಿ ಮೈಕು ಬಾಯಿಗಿಟ್ಟುಕೊಂಡವಳು ಹಾಗೆಯೇ, ಇಲ್ಲಿ ನಿಲ್ಲಂಗಿಲ್ರೀ ಅಕ್ಕಾರ, ಮುಂದ ಟ್ರಾಮ್ ಹಳಿ ಕೂಡೋ ಜಾಗದಾಗ ನಿಲ್ಲಸ್ತೀವಿ ಎಂದುಬಿಟ್ಟಳು, ಮೈಕಿನಲ್ಲೇ, ಇಡೀ ಬಸ್ಸಿಗೆ ಕೇಳಿಸಿತು, ಅವಳ ಮುಖ ಕೆಂಪಾಯಿತು, ಏನಂದಳು ಇವಳು, ಯಾವ ಭಾಷೆ ಅದು, ಎಂದು ಶುಂಜಿಯ ತಾಯಿ ತಿರುಗಿದಳು, ನಾನು ಆಕೆಯ ಕಣ್ಣನ್ನೇ ನೋಡಿದೆ, ನನಗೆ ಕೂಗಬೇಕಿತ್ತು, ಕೂಗು ಬರಲಿಲ್ಲ, ಒಣಗಿದ ದನಿಯಲ್ಲಿ, ನಾನು ಈ ಊರಿನವಳು, ಬಾಂಬು ಬಿದ್ದಾಗ ಇಲ್ಲೇ ಇದ್ದೆ, ಆ ಐಸ್ ಮಾರೋಳು ನನ್ನನ್ನ ಎಳೆದು ತೆಗೆದೋಳು, ಅವಳ ಕೈ ಹಾಗಾಗಿದ್ದು ನನ್ನಿಂದ, ನಿಮ್ಮ ಮಗನಿಗೂ ಇದೆಲ್ಲಾ ಗೊತ್ತು, ಎಂದೆ. ಶುಂಜಿ ಕಿಟಕಿಯ ಕಡೆ ತಿರುಗಿದ. ಅಮ್ಮ ನಕ್ಕಳು, ನಕ್ಕಳು ಅಂದರೆ, ಹಲ್ಲು ಬಿಟ್ಟು, ಗಲಗಲ, ಬಸ್ ಪ್ರಯಾಣ ಇವಳಿಗೆ ಆಗಲ್ಲ ನೋಡಿ, ತಲೆ ಸುತ್ತಿ ಏನೇನೋ ಮಾತಾಡ್ತಾಳೆ, ಚಿಕ್ಕಂದಿನಿಂದ ಹೀಗೇ, ಎನ್ನುತ್ತಾ ನನ್ನ ತೋಳು ಹಿಡಿದು ಕೆಳಕ್ಕೆಳೆದಳು, ಎಳೆಯುತ್ತಾ, ನನಗೊಬ್ಬಳಿಗೇ ಕೇಳಿಸುವಂತೆ, ಕುಂದರ ಹಿಸಾ, ಕುಂದರ ನನ್ನವ್ವಾ, ಕೈಮುಗೀತೀನಿ — ಊರ ಮಾತು, ಅವಳ ಬಾಯಲ್ಲಿ, ಹದಿನಾರು ವರ್ಷದ ಮೇಲೆ, ಎಷ್ಟು ಹೆದರಿದ್ದರೆ ಅದು ತಾನಾಗಿ ಹೊರಬಿದ್ದಿರಬೇಕು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳುಗಳು ನನ್ನ ತೋಳನ್ನು ಕಚ್ಚಿ ಹಿಡಿದಿದ್ದವು, ನನ್ನ ಸಿಟ್ಟು ಒಂದು ಗಳಿಗೆ ಕಾಲು ಜಾರಿದಂತಾಯಿತು, ಯಾರ ಮೇಲೆ ಇದು, ಇವಳ ಮೇಲೆಯೇ, ಇವಳನ್ನು ಇಷ್ಟು ಹೆದರಿಸಿದವರ ಮೇಲೆಯೇ — ಬಸ್ಸು ನಿಂತಿತು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಇಳಿದೆ, ಬಾಗಿಲು ಮುಚ್ಚಿತು, ಗಾಜಿನ ಹಿಂದೆ ಅಮ್ಮನ ಬಾಯಿ ಆಡುತ್ತಿತ್ತು, ಇನ್ನೂ ನನ್ನ ಪರವಾಗಿ ಏನೋ ಸುಳ್ಳು ಹೇಳುತ್ತಿದ್ದಳು.

ಹಳಿಗುಂಟ ಹಿಂದಕ್ಕೆ ನಡೆಯುತ್ತೇನೆ, ಹೊಸ ಚಪ್ಪಲಿ ಕಚ್ಚುತ್ತದೆ, ಕಚ್ಚಲಿ, ಎದುರಿಗೆ ಬರುವವರು ದಾರಿ ಬಿಡುತ್ತಾರೆ, ನನ್ನ ಮುಖ ಹೇಗಿದೆಯೋ, ಮದುವೆ ಮುಗಿಯಿತು, ಒಕಾಯಾಮಾದಲ್ಲಿ ಮತ್ತೆ ಮನೆ ಬದಲಾಯಿಸಬೇಕು, ಬದಲಾಯಿಸಲಿ, ಈ ಸಲ ಒಬ್ಬಳೇ ಬದಲಾಯಿಸಲಿ, ಚಿಕ್ಕಮ್ಮನ ಮುಂದೆ ಏನು ಹೇಳುವುದು, ಐಸ್ ಎಸೆದದ್ದು ನಾನಲ್ಲ ಎನ್ನಲೇ, ನಾನೇ, ಬೆರಳು ಬಿಟ್ಟವಳು ನಾನೇ ತಾನೇ, ಆ ದಿನ ಬಿಗಿಯಾಗಿ ಹಿಡಿದುಕೋ ಎಂದಿದ್ದಳು, ಹಿಡಿದುಕೊಂಡಿದ್ದೆ, ಇವತ್ತು ಒಂದು ಕೋನು ಹಿಡಿದುಕೊಳ್ಳಲಾಗಲಿಲ್ಲ, ಅಗೋ ಗಂಟೆ, ಅಗೋ ಮೆಟ್ಟಿಲು, ಗಾಡಿಯ ಮುಂದೆ ಶಾಲಾಮಕ್ಕಳ ಸಾಲು, ನಾನೂ ಸಾಲಿನ ಕೊನೆಗೆ ನಿಲ್ಲುತ್ತೇನೆ, ಮಕ್ಕಳು ಒಬ್ಬೊಬ್ಬರೇ ಗುಲಾಬಿ ಹಿಡಿದು ಓಡುತ್ತಾರೆ, ಅವಳ ಕೈಯನ್ನು ಯಾರೂ ನೋಡುವುದೂ ಇಲ್ಲ, ಐಸನ್ನೇ ನೋಡುತ್ತಾರೆ, ನನ್ನ ಸರದಿ, ಅವಳು ತಲೆ ಎತ್ತುವುದಿಲ್ಲ, ಎಸಳು ಹಚ್ಚುತ್ತಾಳೆ, ಇನ್ನೊಂದು ಎಸಳು, ತಗೋಳ್ರಿ ಎನ್ನುತ್ತಾಳೆ, ರಿ ಹಚ್ಚಿ, ನನಗೆ, ಚಿಕ್ಕಮ್ಮಾ ನಾ ಹಿಸಾ, ಅಂದೆ. ಗೊತ್ತದ, ಅಂದಳು, ತುಟಿ ಅಲುಗದ ಹಾಗೆ, ಅತ್ತ ಇತ್ತ ನೋಡುತ್ತಾ, ನಿನ್ನ ಲಗ್ನ ಐತಲ್ಲ, ಯಾರರ ನೋಡ್ಯಾರು, ಹೋಗವಾ, ಬಸ್ ತಪ್ಪೀತು. ನೀನೂ ಹಿಂಗಂತೀಯೇನ, ಕಿರುಚಿದೆ, ಹೌದು, ಕಿರುಚಿದೆ, ಮಕ್ಕಳು ತಿರುಗಿ ನೋಡಿದರು, ನೀನೂ ನನ್ನ ಬಾಯಿ ಮುಚ್ಚಸ್ತೀಯೇನ ಚಿಕ್ಕಮ್ಮಾ, ನೀನೂ, ಎಲ್ಲಾರೂ ಕೂಡಿ — ಬೈಯಲು ಇನ್ನೂ ಎಷ್ಟೋ ಇತ್ತು, ಅಮ್ಮನನ್ನು, ಅವನ ತಾಯಿಯನ್ನು, ಅವನ ಕರ್ಚೀಫನ್ನು, ಆ ನೀಲಿ ಪ್ರತಿಮೆಯನ್ನು, ಆದರೆ ನನ್ನ ಮುಂದೆ ಅವಳ ಕೈ, ಮೂರು ಬೆರಳು ಕೂಡಿದ ಕೈ, ಕೋನು ಹಿಡಿದ ಕೈ, ಐಸು ಕರಗಿ ಮಣಿಕಟ್ಟಿಗೆ ಇಳಿಯುತ್ತಿದೆ, ಆ ಕೈ ಹಿಂದಕ್ಕೆ ಹೋಗುತ್ತಿಲ್ಲ, ಇನ್ನೂ ಚಾಚಿಕೊಂಡೇ ಇದೆ, ಆ ಕೈ, ಚಾಚಿಕೊಂಡೇ, ಆ ಕೈ